ಗಾಯಗೊಂಡ ಮೊಲ ಬೀಜದ ಗಂಡಾಗಿ ಉಳಿಯಬಹುದೇ? ಕೋಥ್ರೂಡ್‌ನ ಒಂದು ಪಶುವೈದ್ಯ ಕ್ಲಿನಿಕ್‌ನ ಸೇವೆಯ ವಿಮರ್ಶೆ

ಪುಣೆಯಲ್ಲಿ ನಾಯಿ, ಬೆಕ್ಕುಗಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್‌ಗಳಿಗೆ ಕೊರತೆಯಿಲ್ಲ. ಆದರೆ ಮೊಲವನ್ನು, ಅದರಲ್ಲೂ ತಳಿಗೆಂದು ಸಾಕಿದ ಗಂಡು ಮೊಲವನ್ನು ತೆಗೆದುಕೊಂಡು ಹೋದರೆ, ಅದನ್ನು ಚಿಕ್ಕ ಬೆಕ್ಕೆಂದು ಭಾವಿಸದೆ ಮೊಲವೆಂದೇ ತಿಳಿದು ನೋಡುವ ವೈದ್ಯರನ್ನು ಹುಡುಕಬೇಕಾಗುತ್ತದೆ. ಕೋಥ್ರೂಡ್‌ನಲ್ಲಿ, ಪೌಡ್ ರಸ್ತೆಯಿಂದ ಸ್ವಲ್ಪ ಒಳಗೆ ಇರುವ ಅಂಥದೊಂದು ಕ್ಲಿನಿಕ್‌ನ ಸೇವೆಯನ್ನು ಕಳೆದ ಮಳೆಗಾಲದಿಂದ ಚಳಿಗಾಲದ ಕೊನೆಯವರೆಗೆ ಪಡೆದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಹೆಸರನ್ನು ಬರೆಯುವುದಿಲ್ಲ. ಆ ಭಾಗದಲ್ಲಿ ಮೊಲ ಸಾಕುವವರನ್ನು ವಿಚಾರಿಸಿದರೆ ಯಾವುದೆಂದು ತಿಳಿಯುವುದು ಕಷ್ಟವಲ್ಲ.

ನಮ್ಮದು ಪಿರಂಗುಟ್ ದಾಟಿ ಮುಳಶಿ ಕಡೆಗೆ ಹೋಗುವ ದಾರಿಯಲ್ಲಿರುವ ಸಣ್ಣ ಸಾಕಣೆ. ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ತಳಿಗಳನ್ನು ಇಟ್ಟುಕೊಂಡಿದ್ದೇವೆ. ಮಳೆಗಾಲದ ಒಂದು ರಾತ್ರಿ ಎರಡು ಗೂಡುಗಳ ನಡುವಿನ ತಂತಿ ಜಾಲರಿ ತುಕ್ಕು ಹಿಡಿದ ಜಾಗದಲ್ಲಿ ಕಿತ್ತುಕೊಂಡು, ಪಕ್ಕದ ಗೂಡಿನ ಗಂಡು ಒಳಗೆ ನುಗ್ಗಿ ನಮ್ಮ ಚಿಂಚಿಲ್ಲಾ ಗಂಡನ್ನು ಕಚ್ಚಿತು. ಗಂಡು ಮೊಲಗಳ ಕಾದಾಟವನ್ನು ನೋಡಿದವರಿಗೆ ಗೊತ್ತು, ಅವು ಎದುರಾಳಿಯ ಕುತ್ತಿಗೆಗಿಂತ ವೃಷಣದ ಮೇಲೆಯೇ ಹೆಚ್ಚು ಕಣ್ಣಿಡುತ್ತವೆ. ಬೆಳಿಗ್ಗೆ ನೋಡಿದಾಗ ವೃಷಣ ಚೀಲದ ಎಡಭಾಗ ಹರಿದಿತ್ತು, ಬಲ ಹಿಂಗಾಲಿನ ನಾಲ್ಕು ಬೆರಳುಗಳಲ್ಲಿ ಒಂದು ಜಜ್ಜಿಹೋಗಿತ್ತು, ಒಂದು ಕಿವಿಯ ಅಂಚು ಸೀಳಿತ್ತು. ಈ ಗಂಡಿನ ಮೂಲ ಕೊಡೈಕನಾಲ್ ಬೆಟ್ಟದ ಮನ್ನವನೂರಿನದು. ಅಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದ್ದು, ಸೋವಿಯತ್ ಚಿಂಚಿಲ್ಲಾ ಮತ್ತು ವೈಟ್ ಜೈಂಟ್ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಾಗಾಗಿ ಇದು ಹೋದರೆ ಇನ್ನೊಂದನ್ನು ತಂದರಾಯಿತು ಎನ್ನುವಷ್ಟು ಸುಲಭದ ವಿಷಯ ಅದಾಗಿರಲಿಲ್ಲ.

ಹತ್ತಿರದಲ್ಲಿದ್ದುದರಿಂದ ಮೊದಲು ಹೋದದ್ದು ಬೇರೊಂದು ಸಾಕುಪ್ರಾಣಿ ಕ್ಲಿನಿಕ್‌ಗೆ. ಅಲ್ಲಿ ಮೊಲವನ್ನು ಬೆನ್ನ ಮೇಲೆ ಮಲಗಿಸಿ ನೋಡಿದ ವೈದ್ಯರು ಎರಡೂ ವೃಷಣಗಳು ಹೋಗಿವೆಯೆಂದರು, ಇನ್ನು ಇದು ತಳಿಗೆ ಬಾರದು ಎಂದು ತೀರ್ಮಾನ ಕೊಟ್ಟರು, ಸೋಂಕು ಆಗದಿರಲೆಂದು ಅಮಾಕ್ಸಿಸಿಲಿನ್ ಸಿರಪ್ ಬರೆದರು. ಮೊಲಕ್ಕೆ ಇಂಥ ಪೆನಿಸಿಲಿನ್ ಗುಂಪಿನ ಔಷಧಿಯನ್ನು ಬಾಯಿಯ ಮೂಲಕ ಕೊಟ್ಟರೆ ಕುರುಡು ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳು ಸತ್ತು, ಆ ಜಾಗದಲ್ಲಿ ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬೆಳೆದು, ಭೇದಿಯಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಲಿಂಕೊಮೈಸಿನ್ ಮತ್ತು ಕ್ಲಿಂಡಮೈಸಿನ್ ಎಂಬ ಬೇರೆ ಔಷಧಿಗಳೂ ಮೊಲಕ್ಕೆ ಹೀಗೆಯೇ ಅಪಾಯ. ಮೊಲ ಸಾಕುವವರು ಮೊದಲು ಕಲಿಯುವ ಪಾಠಗಳಲ್ಲಿ ಇದೂ ಒಂದು. ಆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನಾವು ಕೋಥ್ರೂಡ್ ಕಡೆಗೆ ಹೊರಟೆವು.

ಕೋಥ್ರೂಡ್‌ನ ಕ್ಲಿನಿಕ್‌ನಲ್ಲಿ ನನಗೆ ಮೊದಲು ನಂಬಿಕೆ ಹುಟ್ಟಿದ್ದು ಅವರು ಮೊಲವನ್ನು ಎತ್ತಿದ ರೀತಿಯಿಂದ. ಮೊಲದ ಅಸ್ಥಿಪಂಜರ ಅದರ ದೇಹತೂಕದ ಶೇಕಡಾ 8ರ ಆಸುಪಾಸಿನಷ್ಟೇ ಇರುತ್ತದೆ, ಆದರೆ ಹಿಂಗಾಲಿನ ಸ್ನಾಯುಗಳು ಬಲವಾದವು. ಹಿಂಭಾಗಕ್ಕೆ ಆಸರೆಯಿಲ್ಲದೆ ಹಿಡಿದಾಗ ಅದು ಗಾಬರಿಯಿಂದ ಒದ್ದರೆ ತನ್ನ ಸೊಂಟದ ಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಇಲ್ಲಿನ ಸಹಾಯಕ ಹುಡುಗ ಟವೆಲ್ ಸುತ್ತಿ, ಒಂದು ಕೈಯನ್ನು ಎದೆಯಡಿಗೂ ಮತ್ತೊಂದನ್ನು ಹಿಂಭಾಗದಡಿಗೂ ಕೊಟ್ಟು, ಜಾರದಂತೆ ರಬ್ಬರ್ ಹಾಸು ಹಾಕಿದ ಮೇಜಿನ ಮೇಲೆ ಇಳಿಸಿದ. ವೈದ್ಯೆ ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಓದಿದವರು. ನಮ್ಮ ಮರಾಠಿಯ ಉಚ್ಚಾರ ಕೇಳುತ್ತಿದ್ದಂತೆ ಅವರೇ ಕನ್ನಡಕ್ಕೆ ಹೊರಳಿದರು. ನೋವು, ಬೆದೆ, ಗಬ್ಬ ಮುಂತಾದ ಸಂಗತಿಗಳನ್ನು ಮಾತೃಭಾಷೆಯಲ್ಲಿ ವಿವರಿಸುವಾಗ ಸಿಗುವ ಅನುಕೂಲವನ್ನು ಪರಊರಿನಲ್ಲಿ ಇರುವವರೇ ಬಲ್ಲರು.

ಪರೀಕ್ಷೆಯಲ್ಲಿ ಅವರು ಅವಸರ ಮಾಡಲಿಲ್ಲ. ಮೊಲದ ತೊಡೆಸಂದಿನ ನಾಳ ಜೀವನಪೂರ್ತಿ ತೆರೆದೇ ಇರುವುದರಿಂದ, ಭಯವಾದಾಗ ಅಥವಾ ನೋವಾದಾಗ ಅದು ವೃಷಣಗಳನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಬಲ್ಲದು. ಹಾಗಾಗಿ ಚೀಲ ಖಾಲಿ ಕಂಡಿತೆಂದ ಮಾತ್ರಕ್ಕೆ ವೃಷಣ ಇಲ್ಲವೆಂದು ಹೇಳಲಾಗದು. ಮೊದಲು ನೋವಿನ ಚುಚ್ಚುಮದ್ದು ಕೊಟ್ಟು, ಬುಟ್ಟಿಯ ಮೇಲೆ ಬಟ್ಟೆ ಹೊದಿಸಿ ಕತ್ತಲಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಮೊಲವನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ಒತ್ತಿದಾಗ, ಬಲಗಡೆಯ ವೃಷಣ ಗಾಯವಿಲ್ಲದೆ ಕೆಳಗಿಳಿಯಿತು. ಎಡಗಡೆಯದು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಕ್ಲಿನಿಕ್‌ನಲ್ಲಿ ಎರಡೂ ಹೋದವೆಂದು ಕೇಳಿ ಬಂದವರಿಗೆ ಒಂದು ಉಳಿದಿದೆ ಎನ್ನುವುದು ಸಣ್ಣ ಸುದ್ದಿಯಲ್ಲ. ಆದರೂ ಅದನ್ನು ಕೇಳಿ ನಾವು ಹಿಗ್ಗುವ ಮೊದಲೇ ವೈದ್ಯೆ ಮಾತನ್ನು ಬೇರೆ ಕಡೆಗೆ ತಿರುಗಿಸಿದರು.

ನೋವಿಲ್ಲದೆ ಬದುಕಬಲ್ಲದೇ, ಮರಿ ಹುಟ್ಟಿಸಬಲ್ಲದೇ, ಇದರಿಂದ ಮರಿ ಹುಟ್ಟಿಸುವುದು ಸರಿಯೇ ಎಂಬ ಮೂರು ಪ್ರಶ್ನೆಗಳನ್ನು ಅವರು ಬೇರೆ ಬೇರೆಯಾಗಿ ಇಟ್ಟರು, ಮತ್ತು ಒಂದರ ಉತ್ತರವನ್ನು ಇನ್ನೊಂದಕ್ಕೆ ಸಾಲ ಕೊಡಲು ಒಪ್ಪಲಿಲ್ಲ. ಸಾಕಣೆದಾರರಾದ ನಾವು ಸಾಮಾನ್ಯವಾಗಿ ಎರಡನೆಯ ಪ್ರಶ್ನೆಯನ್ನಷ್ಟೇ ಕೇಳುತ್ತೇವೆ, ಮುದ್ದಿಗೆ ಸಾಕಿದವರು ಮೊದಲನೆಯದನ್ನಷ್ಟೇ ಕೇಳುತ್ತಾರೆ, ಮೂರನೆಯದನ್ನು ಕೇಳುವವರು ಅಪರೂಪ. ಈ ಕ್ಲಿನಿಕ್‌ಗೆ ನಾನು ಕೊಡುವ ಅಂಕಗಳಲ್ಲಿ ಹೆಚ್ಚಿನವು ಈ ವಿಂಗಡಣೆಗೇ ಸಲ್ಲುತ್ತವೆ.

ಶಸ್ತ್ರಚಿಕಿತ್ಸೆಯನ್ನು ಅಂದೇ ಮಾಡಿದರು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ ನಾಯಿಯಂತೆ ಉಪವಾಸ ಕೆಡವುವ ಅಗತ್ಯವಿಲ್ಲ. ಬದಲಿಗೆ ಹೊಟ್ಟೆ ಖಾಲಿ ಉಳಿದರೆ ಕರುಳಿನ ಚಲನೆಯೇ ನಿಂತು ಅಪಾಯವಾಗುತ್ತದೆ. ಅರಿವಳಿಕೆ ಕೊಡುವವರೆಗೂ ಹುಲ್ಲು ಮುಂದೆಯೇ ಇತ್ತು, ಎಚ್ಚರವಾದ ಕೂಡಲೇ ಮತ್ತೆ ಹುಲ್ಲು ಇಟ್ಟರು, ತಾನಾಗಿ ತಿನ್ನದಿದ್ದಾಗ ಪೆಲೆಟ್ ನೆನೆಸಿ ಅರೆದ ಗಂಜಿಯನ್ನು ಸಿರಿಂಜ್‌ನಿಂದ ಬಾಯಿಯ ಪಕ್ಕಕ್ಕೆ ಹಾಕಿದರು. ಎಡ ವೃಷಣವನ್ನು ತೆಗೆದ ಮೇಲೆ ಆ ಕಡೆಯ ನಾಳದ ಮೂಲಕ ಕರುಳು ಹೊರಗೆ ಜಾರದಂತೆ ಅದರ ಬಾಯಿ ಕಟ್ಟುವ ಕೆಲಸವನ್ನೂ ಮಾಡಿದ್ದನ್ನು ಚೀಟಿಯಲ್ಲಿ ಚಿತ್ರ ಬರೆದು ತೋರಿಸಿದರು. ಜಜ್ಜಿದ ಬೆರಳನ್ನು ಗಂಟಿನವರೆಗೆ ತೆಗೆದರು. ಕಿವಿಯನ್ನು ತೊಳೆದು ಹಾಗೆಯೇ ಬಿಟ್ಟರು. ಅದಕ್ಕೆ ಹೊಲಿಗೆ ಹಾಕಿದರೆ ಅಂದಕ್ಕಷ್ಟೇ ಎಂದರು, ನನಗೂ ಹಾಗೆಯೇ ಅನಿಸಿತು.

ಮನೆಗೆ ಕಳಿಸುವಾಗ ಕೊಟ್ಟ ಔಷಧಿ ಸೋಂಕಿಗೆ ಎನ್ರೋಫ್ಲಾಕ್ಸಾಸಿನ್ ಮತ್ತು ನೋವಿಗೆ ಮೆಲಾಕ್ಸಿಕ್ಯಾಂ. ಇಲ್ಲೊಂದು ಎಡವಟ್ಟು ಆಯಿತು. ಗಾಯ ನೆಕ್ಕದಿರಲೆಂದು ಹೊರಗಿನ ಕೋಣೆಯ ಸಿಬ್ಬಂದಿಯೊಬ್ಬರು ಕುತ್ತಿಗೆಗೆ ಪ್ಲಾಸ್ಟಿಕ್ ಕೊರಳಪಟ್ಟಿಯನ್ನು ಕಟ್ಟಿ ಕಳಿಸಿದರು. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಗುದದಿಂದಲೇ ನೇರವಾಗಿ ತಿನ್ನುವ ಪ್ರಾಣಿ; ಜೀವಸತ್ವ ಬಿ ಮತ್ತು ಒಂದಷ್ಟು ಸಸಾರಜನಕ ಅದಕ್ಕೆ ದೊರೆಯುವುದು ಆ ದಾರಿಯಿಂದ. ಕೊರಳಪಟ್ಟಿ ಇದ್ದರೆ ತಲೆ ಅಲ್ಲಿಗೆ ತಲುಪುವುದಿಲ್ಲ, ತಿನ್ನುವುದೂ ಕಡಿಮೆಯಾಗುತ್ತದೆ. ಮನೆಗೆ ಬಂದು ಫೋಟೋ ಕಳಿಸಿದಾಗ ವೈದ್ಯೆಯೇ ಕರೆ ಮಾಡಿ ಅದನ್ನು ಬಿಚ್ಚಿಸಿದರು. ಒಳಗೆ ಒಂದು ಮಾತು, ಹೊರಗೆ ಇನ್ನೊಂದು ಎನ್ನುವ ಈ ಸ್ಥಿತಿಯನ್ನು ಕ್ಲಿನಿಕ್ ಸರಿಪಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ನೊಣದ ಬಗ್ಗೆ ಕೊಟ್ಟ ಎಚ್ಚರಿಕೆ ಮಾತ್ರ ಬಹಳ ಉಪಯೋಗಕ್ಕೆ ಬಂತು: ತೇವವಾದ ಗಾಯದ ಸುತ್ತಿನ ಕೂದಲಿನಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳು ಬೀಳಬಹುದೆಂದು ಹೇಳಿ, ಬೆಳಿಗ್ಗೆ ಮತ್ತು ಸಂಜೆ ಹಿಂಭಾಗವನ್ನು ನೋಡಲು, ಗೂಡಿಗೆ ಸೊಳ್ಳೆ ಪರದೆ ಕಟ್ಟಲು ತಿಳಿಸಿದ್ದರು.

ಗಾಯ ಒಣಗಿದ ಮೇಲೆ ಹೊಲಿಗೆ ನೋಡಿಸಲು ಹೋದಾಗ ನಡೆದ ಮಾತುಕತೆಯೇ ನನ್ನ ದೃಷ್ಟಿಯಲ್ಲಿ ಈ ಸೇವೆಯ ಮುಖ್ಯ ಭಾಗ. ನಾನು ಮೂರನೆಯ ಪ್ರಶ್ನೆಯನ್ನು ಎತ್ತಿದೆ. ಒಂದು ವೃಷಣ, ಮೂರೇ ಬೆರಳಿನ ಒಂದು ಕಾಲು, ಸೀಳು ಕಿವಿ ಇರುವ ಗಂಡನ್ನು ತಳಿಗೆ ಇಟ್ಟುಕೊಂಡರೆ ಮರಿ ಕೊಳ್ಳಲು ಬಂದವರು ಮುಖ ಸಿಂಡರಿಸುವುದಿಲ್ಲವೇ ಎಂದು ಕೇಳಿದೆ. "ಕಾಕಾ, ಕಡದ ಗಾಯ ಮರಿಗೆ ಹೋಗಂಗಿಲ್ರಿ. ಹೋಗೂದು ಹಲ್ಲು, ಪಾದ, ಇಳೀದ ಬೀಜ. ಅವನ್ನ ನೋಡೂಣು" ಎಂದು ಅವರು ಮೊಲದ ತುಟಿಯನ್ನು ಸರಿಸಿದರು. ಮೇಲಿನ ಬಾಚಿಹಲ್ಲು ಕೆಳಗಿನದರ ಮುಂದೆ ಸರಿಯಾಗಿ ಕೂತಿದೆಯೇ ಎಂದು ನೋಡಿದರು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುವುದರಿಂದ, ಹುಟ್ಟಿನಿಂದಲೇ ಹೊಂದಿಕೆಯಿಲ್ಲದ ಹಲ್ಲು ಸವೆಯದೆ ಉದ್ದವಾಗಿ ಬಾಯಿಯನ್ನೇ ಚುಚ್ಚುತ್ತದೆ. ಈ ದೋಷ ವಂಶದಲ್ಲಿ ಹರಿಯುವುದರಿಂದ ಅಂಥ ಗಂಡು ಎಷ್ಟೇ ದಷ್ಟಪುಷ್ಟವಾಗಿದ್ದರೂ ಬೀಜಕ್ಕೆ ಬಾರದು. ಜಾಲರಿ ಕಚ್ಚಿ ಮುರಿದುಕೊಂಡ ಹಲ್ಲಿನ ಮಾತು ಬೇರೆ.

ವೃಷಣದ ವಿಷಯವೂ ಹಾಗೆಯೇ. ಸುಮಾರು 12 ವಾರದ ಹೊತ್ತಿಗೆ ಎರಡೂ ವೃಷಣಗಳು ಇಳಿದಿರಬೇಕು. ಹುಟ್ಟಿನಿಂದಲೇ ಒಂದು ಒಳಗೇ ಉಳಿದ ಗಂಡು ಇನ್ನೊಂದರಿಂದ ಮರಿ ಹುಟ್ಟಿಸಬಹುದಾದರೂ ಅದನ್ನು ತಳಿಗೆ ಬಿಡಬಾರದು, ಏಕೆಂದರೆ ಆ ಕೊರತೆ ಮಕ್ಕಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ನಮ್ಮದು ಎರಡನ್ನೂ ಇಳಿಸಿಕೊಂಡಿದ್ದ ಗಂಡು, ಕಾದಾಟದಲ್ಲಿ ಒಂದನ್ನು ಕಳೆದುಕೊಂಡದ್ದು. ಹೊರಗಿನಿಂದ ನೋಡುವವರ ಕಣ್ಣಿಗೆ ಈ ಎರಡು ಬಗೆಯ ಗಂಡುಗಳೂ ಒಂದೇ ಥರ ಕಂಡರೂ, ತಳಿಯ ಲೆಕ್ಕದಲ್ಲಿ ಅವುಗಳ ನಡುವಿನ ಅಂತರ ದೊಡ್ಡದು. ಆದ್ದರಿಂದಲೇ ಗಾಯವಾಗುವ ಮೊದಲಿನ ದಾಖಲೆ ಅಥವಾ ಫೋಟೋ ಇದ್ದರೆ ಅದಕ್ಕೆ ಬೆಲೆಯಿದೆ. ನಮ್ಮ ವಹಿಯಲ್ಲಿ ತೂಕದ ಜೊತೆಗೆ ಆ ವಿವರ ಬರೆದಿದ್ದುದನ್ನು ವೈದ್ಯೆ ಗಮನವಿಟ್ಟು ಓದಿದರು.

ಪಾದದ ಬಗ್ಗೆ ಅವರು ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಬಲಗಾಲಿನ ನೋವಿನಿಂದಾಗಿ ಮೊಲ ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ, ಎಡ ಹಿಮ್ಮಡಿಯಲ್ಲಿ ಕೂದಲು ಉದುರಿ ಕೆಂಪಗಾಗಿತ್ತು. ತಂತಿ ನೆಲದ ಮೇಲಿನ ಮೊಲಗಳಲ್ಲಿ ಹಿಮ್ಮಡಿ ಹುಣ್ಣು ಸಾಮಾನ್ಯ. ಆದರೆ ಪಾದದಡಿಯ ಕೂದಲು ತೆಳುವಾಗಿರುವ ವಂಶಗಳಲ್ಲಿ ಅದು ಬೇಗ ಬರುತ್ತದೆ, ರೆಕ್ಸ್ ತಳಿ ಅದಕ್ಕೆ ಹೆಸರಾಗಿದೆ. ಅಂದರೆ ಈ ಕೆಂಪು ಗಾಯದ ಫಲವೋ ವಂಶದ ಫಲವೋ ತಿಳಿಯಬೇಕಿತ್ತು. ಇದೇ ನೆಲದ ಮೇಲೆ ಬೆಳೆದ ಇದರ ಒಡಹುಟ್ಟುಗಳ ಮತ್ತು ಹೆಣ್ಣುಮರಿಗಳ ಪಾದ ಹೇಗಿವೆ ಎಂದು ಅವರು ಕೇಳಿದರು. ಮರಳಿ ಹೋಗಿ ಒಂದೊಂದನ್ನೇ ತಿರುವಿ ನೋಡಿದಾಗ ಅವುಗಳ ಪಾದಗಳಲ್ಲಿ ಕೂದಲು ದಟ್ಟವಾಗಿಯೇ ಇತ್ತು. ಗಾಯದ ಕಾಲಿಗೆ ಬದಲಾಗಿ ಭಾರ ಹೊತ್ತ ಕಾಲಿನಲ್ಲಿ ಮಾತ್ರ ತೊಂದರೆ ಇದ್ದು ಬಂಧುಗಳಲ್ಲಿ ಇಲ್ಲವಾದರೆ ಅದು ನೆಲದ ದೋಷವೆಂದು ಹೇಳಿ, ಗೂಡಿನ ಅರ್ಧ ಭಾಗಕ್ಕೆ ತೂತುಗಳಿರುವ ಪ್ಲಾಸ್ಟಿಕ್ ಹಲಗೆ ಹಾಕಿಸಿದರು. ಆರೋಗ್ಯವಾಗಿರುವ ಬಂಧುಗಳನ್ನು ನೋಡಿ ರೋಗಿಯ ಬಗ್ಗೆ ತೀರ್ಮಾನಿಸುವ ಈ ಕ್ರಮವನ್ನು ಮೊಲ ಸಾಕುವವರೆಲ್ಲರೂ ರೂಢಿಸಿಕೊಳ್ಳಬಹುದು.

ಸೋಂಕಿನ ತಪಾಸಣೆಯೂ ಅದೇ ದಿನ ಆಯಿತು. ಕಚ್ಚಿದ ಗಾಯದಿಂದ ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳಸೇರಿದರೆ ಮೊಲದಲ್ಲಿ ಕೀವು ಬೆಣ್ಣೆಯಂತೆ ಗಟ್ಟಿಯಾಗಿರುವುದರಿಂದ ತಾನಾಗಿ ಸೋರಿ ಹೋಗುವುದಿಲ್ಲ, ಕುರುವನ್ನು ಅದರ ಪೊರೆಸಮೇತ ಕತ್ತರಿಸಿ ತೆಗೆಯಬೇಕಾಗುತ್ತದೆ. ಹಾಗಾಗಿ ಗಾಯದ ಸುತ್ತ ಗಂಟು ಇದೆಯೇ ಎಂದು ಒತ್ತಿ ನೋಡಿದರು, ಮೂಗಿನ ಜೊತೆಗೆ ಮುಂಗಾಲಿನ ಒಳಬದಿಯನ್ನೂ ಪರೀಕ್ಷಿಸಿದರು. ನೆಗಡಿಯಾದ ಮೊಲ ಮೂಗನ್ನು ಮುಂಗಾಲಿನಿಂದ ಒರೆಸಿಕೊಳ್ಳುವುದರಿಂದ ಅಲ್ಲಿನ ಕೂದಲು ಅಂಟಿ ಜಡೆಗಟ್ಟಿರುತ್ತದೆ, ಮೂಗು ಒಣಗಿದ್ದರೂ ಕಾಲು ಸುಳ್ಳು ಹೇಳುವುದಿಲ್ಲ. ಜನನಾಂಗದ ಮೇಲೆ ಹೊಪ್ಪಳೆ ಇದೆಯೇ ಎಂಬುದನ್ನೂ ನೋಡಿದರು. ಮೊಲದ ಸಿಫಿಲಿಸ್ ಮುಖ್ಯವಾಗಿ ಜೋಡಿಯ ಮೂಲಕ ಹರಡುವಂಥದು, ಒಂದು ಗಂಡಿನಿಂದ ಹತ್ತು ಹೆಣ್ಣುಗಳಿಗೆ ತಗಲಬಲ್ಲದು. ವಿಚಿತ್ರವೆಂದರೆ, ಆ ರೋಗಕ್ಕೆ ಪೆನಿಸಿಲಿನ್ನೇ ಮದ್ದು, ಆದರೆ ಬಾಯಿಯ ಮೂಲಕವಲ್ಲ, ಚುಚ್ಚುಮದ್ದಾಗಿ. ನಮ್ಮ ಗಂಡಿನಲ್ಲಿ ಇವಾವೂ ಇರಲಿಲ್ಲ.

ಇನ್ನು ಉಳಿದದ್ದು ಮರಿ ಹುಟ್ಟಿಸಬಲ್ಲದೇ ಎಂಬ ಪ್ರಶ್ನೆ, ಇದಕ್ಕೆ ಕ್ಲಿನಿಕ್‌ನಲ್ಲಿ ಉತ್ತರವಿಲ್ಲ. ವೀರ್ಯ ಪರೀಕ್ಷೆಯ ವ್ಯವಸ್ಥೆ ಅಲ್ಲಿಲ್ಲವೆಂದು ಮೊದಲೇ ಹೇಳಿದರು. ವೃಷಣದ ಸುತ್ತ ಬಾವು ಮತ್ತು ಜ್ವರ ಇದ್ದಾಗ ಆ ಬಿಸಿಗೆ ವೀರ್ಯಾಣುಗಳು ಕೆಡುತ್ತವೆ. ಮೊಲದಲ್ಲಿ ಹೊಸ ವೀರ್ಯಾಣು ತಯಾರಾಗಲು ಸುಮಾರು 7 ವಾರ ಹಿಡಿಯುತ್ತದೆ, ಅವು ಬಲಿತು ಹೊರಬರಲು ಇನ್ನಷ್ಟು ದಿನ ಬೇಕು. ಆದ್ದರಿಂದ ಗಾಯ ಪೂರ್ತಿ ಮಾಗಿ ಎರಡು ತಿಂಗಳಾಗುವವರೆಗೆ ಯಾವ ಪರೀಕ್ಷೆಯನ್ನೂ ನಂಬಬೇಡಿ ಎನ್ನುವುದು ಅವರ ಸಲಹೆ. ಕಾಲವೂ ನಮಗೆ ಅನುಕೂಲವಾಗಿತ್ತು. ಪುಣೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿಯ ಹತ್ತಿರ ಹೋಗುತ್ತದೆ, 30 ಡಿಗ್ರಿಗಿಂತ ಹೆಚ್ಚಿನ ಸೆಕೆ ಹಲವು ದಿನ ಮುಂದುವರಿದರೆ ಗಾಯವೇ ಆಗದ ಗಂಡಿನ ಫಲವತ್ತತೆಯೂ ಕುಗ್ಗುತ್ತದೆ. ಇದೇ ಗಾಯ ಫೆಬ್ರವರಿಯಲ್ಲಿ ಆಗಿದ್ದರೆ ಬೇಸಿಗೆಯಲ್ಲಿ ಪರೀಕ್ಷಿಸಿ, ಸೆಕೆಯ ದೋಷವನ್ನು ಗಾಯದ ತಲೆಗೆ ಕಟ್ಟಿ, ಒಳ್ಳೆಯ ಗಂಡನ್ನು ತೆಗೆದುಹಾಕುವ ಸಂಭವವಿತ್ತು.

ಪರೀಕ್ಷೆಗೆ ಈ ಹಿಂದೆ ಸರಾಗವಾಗಿ ಮರಿ ಹಾಕಿದ ಹೆಣ್ಣನ್ನೇ ಆರಿಸಬೇಕು, ಒಂದೇ ಹೆಣ್ಣಿನ ಮೇಲೆ ತೀರ್ಪು ಕೊಡಬಾರದು, ಎಂದಿನಂತೆ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು ಎಂದು ಹೇಳಿದ್ದರು. ಮೊಲದಲ್ಲಿ ಜೋಡಿಯಾದ ಮೇಲೆಯೇ, ಸುಮಾರು 10 ಗಂಟೆಗಳ ನಂತರ, ಅಂಡ ಬಿಡುಗಡೆಯಾಗುತ್ತದೆ. ಇದರಿಂದ ಒಂದು ಉಪಯೋಗವಿದೆ. ಗಂಡು ಸರಿಯಾಗಿ ಏರಿಯೂ ವೀರ್ಯದಲ್ಲಿ ಸತ್ವವಿಲ್ಲದಿದ್ದರೆ ಹೆಣ್ಣಿಗೆ ಸುಳ್ಳು ಗಬ್ಬ ನಿಲ್ಲುತ್ತದೆ, 17 ದಿನದ ಆಸುಪಾಸಿನಲ್ಲಿ ಅದು ಎದೆಯ ಕೂದಲು ಕಿತ್ತು ಗೂಡು ಕಟ್ಟಲು ತೊಡಗುತ್ತದೆ. ನಿಜವಾದ ಗಬ್ಬವಾದರೆ ಆ ಕೆಲಸ 31ನೆಯ ದಿನದ ಹತ್ತಿರ ನಡೆಯುತ್ತದೆ. ನಮ್ಮಲ್ಲಿ ಮೊದಲ ಹೆಣ್ಣು 17ರ ಸುಮಾರಿಗೇ ಕೂದಲು ಕಿತ್ತಿತು. ಗೂಡು ನೋಡಿಕೊಳ್ಳುವ ನಮ್ಮ ಹುಡುಗ ಇನ್ನು ಮುಗಿಯಿತು ಎಂದ. ವೈದ್ಯೆಯ ಎಚ್ಚರಿಕೆ ನೆನಪಿದ್ದುದರಿಂದ ಇನ್ನಷ್ಟು ವಾರ ಬಿಟ್ಟು ಬೇರೆ ಹೆಣ್ಣಿಗೆ ಜೋಡಿ ಮಾಡಿಸಿದೆವು. ಎರಡು ವಾರಕ್ಕೆ ಹೊಟ್ಟೆ ಮುಟ್ಟಿದಾಗ ದ್ರಾಕ್ಷಿ ಗಾತ್ರದ ಗಂಟುಗಳು ಸಾಲಾಗಿ ಸಿಕ್ಕವು, ದಿನ ತುಂಬಿದಾಗ ಆರೋಗ್ಯವಾದ ಸೂಲು ಬಂತು, ಮರಿಗಳ ಸಂಖ್ಯೆಯಲ್ಲಿಯೂ ಹಿಂದಿನ ಸೂಲುಗಳಿಗಿಂತ ಗಮನಿಸುವಂಥ ಕೊರತೆ ಕಾಣಲಿಲ್ಲ.

ಜೋಡಿಯ ಸಮಯದಲ್ಲಿ ಗಂಡಿಗೆ ನೋವಾಗುತ್ತದೆಯೇ ಎಂಬುದನ್ನು ಗಮನಿಸುವ ಕ್ರಮವನ್ನೂ ಇಲ್ಲಿ ಹೇಳಿಕೊಟ್ಟರು, ಇದನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ. ಏರುವಾಗ ಒತ್ತಡವೆಲ್ಲ ಹಿಂಗಾಲುಗಳ ಮೇಲೆ ಬೀಳುತ್ತದೆ. ಹಿಂಗಾಲಿನ ಮೂಳೆ ಮುರಿದು ಸೊಟ್ಟಗೆ ಕೂಡಿದ್ದರೆ ಅಥವಾ ಸೊಂಟಕ್ಕೆ ಪೆಟ್ಟಾಗಿದ್ದರೆ, ವೀರ್ಯ ಎಷ್ಟೇ ಚೆನ್ನಾಗಿರಲಿ, ಅದನ್ನು ಬೀಜಕ್ಕೆ ಇಟ್ಟುಕೊಳ್ಳುವುದನ್ನು ಅವರು ಒಪ್ಪುತ್ತಿರಲಿಲ್ಲವಂತೆ. ಒಂದು ಬೆರಳು ಹೋಗಿರುವುದು ಅಡ್ಡಿಯಲ್ಲ, ಆದರೆ ನೆಲ ಜಾರಬಾರದೆಂದು ಗೋಣಿಚೀಲ ಹಾಸಲು ಹೇಳಿದರು. ಏರಿ ಮುಗಿದ ಮೇಲೆ ಗಂಡು ಪಕ್ಕಕ್ಕೆ ಉರುಳಿ ಬೀಳುವುದು ಸಹಜ. ಆಮೇಲೆ ಅದು ಮೂಲೆಯಲ್ಲಿ ಬೆನ್ನು ಬಾಗಿಸಿ ಕೂತು ಹಲ್ಲು ಕಡಿಯುತ್ತಿದ್ದರೆ, ಕಣ್ಣು ಅರ್ಧ ಮುಚ್ಚಿದ್ದರೆ, ಮರುದಿನ ಹಿಕ್ಕೆ ಕಡಿಮೆಯಾದರೆ ಅದು ನೋವಿನ ಗುರುತು. ನಮ್ಮದು ಎದ್ದು ಮೈ ಕೊಡವಿ ಕುದುರೆ ಮಸಾಲೆ ಸೊಪ್ಪಿಗೆ ಬಾಯಿ ಹಾಕಿತು.

ಇಷ್ಟಾದರೂ ವೈದ್ಯೆ ಕೊಟ್ಟ ಒಪ್ಪಿಗೆಗೆ ಷರತ್ತುಗಳಿದ್ದವು, ಅವು ನನಗೆ ಸರಿಯೆನಿಸಿದವು. ಸಾಮಾನ್ಯವಾಗಿ ಹತ್ತು ಹೆಣ್ಣುಗಳಿಗೆ ಒಂದು ಗಂಡು ಎಂಬ ಲೆಕ್ಕವಿದೆ. ಇದಕ್ಕೆ ಅದರ ಅರ್ಧದಷ್ಟು ಹೆಣ್ಣುಗಳನ್ನು ಮಾತ್ರ ಬಿಡಬೇಕು, ಎರಡು ಜೋಡಿಗಳ ನಡುವೆ ಬಿಡುವು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಂದ ಮೊದಲ ಸೂಲಿನಲ್ಲಿಯೇ ಹಲ್ಲು, ಪಾದ, ವೃಷಣ ಎಲ್ಲ ಸರಿಯಿರುವ ಒಂದು ಗಂಡುಮರಿಯನ್ನು ಮಾರದೆ ಉಳಿಸಿಕೊಳ್ಳಬೇಕು. ಉಳಿದಿರುವ ಒಂದೇ ವೃಷಣಕ್ಕೆ ನಾಳೆ ಏನಾದರೂ ಆದರೂ ವಂಶ ನಿಲ್ಲಬಾರದಲ್ಲ! ಆ ಮರಿ ಐದಾರು ತಿಂಗಳಿಗೆ ಬೆಳೆದು ಕೆಲಸಕ್ಕೆ ಬರುತ್ತದೆ, ಆದರೆ ಅದನ್ನು ಅದರ ತಾಯಿಗೂ ಅಕ್ಕತಂಗಿಯರಿಗೂ ಬಿಡದಂತೆ ವಹಿಯನ್ನು ಸರಿಯಾಗಿ ಇಡಬೇಕು. ನಾವು ಗಂಡನ್ನು ಈ ಕರಾರಿನ ಮೇಲೆ ಉಳಿಸಿಕೊಂಡಿದ್ದೇವೆ, ಮಗನೂ ಪಕ್ಕದ ಸಾಲಿನಲ್ಲಿ ಬೆಳೆಯುತ್ತಿದ್ದಾನೆ. ಎರಡರ ಗೂಡುಗಳ ನಡುವೆ ಈಗ ಜಾಲರಿಯ ಬದಲು ತಗಡು ಇದೆ.

ಖರ್ಚಿನ ವಿಷಯ. ತಪಾಸಣೆಗೆ 600 ರೂಪಾಯಿ, ಶಸ್ತ್ರಚಿಕಿತ್ಸೆ, ಅರಿವಳಿಕೆ, ಔಷಧಿ ಎಲ್ಲ ಸೇರಿ 7,000 ರೂಪಾಯಿಗಿಂತ ಸ್ವಲ್ಪ ಹೆಚ್ಚು ಆಯಿತು. ಆ ಹಣಕ್ಕೆ ಬೆಳೆದ ಗಂಡು ಮೊಲಗಳನ್ನು ಒಂದಕ್ಕಿಂತ ಹೆಚ್ಚು ಕೊಳ್ಳಬಹುದು. ಹಾಗಾಗಿ ಮಾಂಸಕ್ಕಾಗಿ ಸಾಕುವವರಿಗೆ ಸಾಧಾರಣ ಗಂಡೊಂದಕ್ಕೆ ಇಷ್ಟು ಖರ್ಚು ಮಾಡಿರೆಂದು ನಾನು ಹೇಳಲಾರೆ; ಅವರು ಪ್ರಾಣಿಯ ನೋವು ನೀಗಿಸುವ ಮಟ್ಟಿಗೆ ಚಿಕಿತ್ಸೆ ಕೊಡಿಸಿ, ಬೀಜಕ್ಕೆ ಬೇರೆ ಗಂಡನ್ನು ತಂದುಕೊಳ್ಳುವುದೇ ಲೇಸು. ದಾಖಲೆಯಿರುವ, ಮರಿಗಳ ಗುಣ ಗೊತ್ತಿರುವ ಗಂಡಾದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಹೊಸದಾಗಿ ತಂದ ಗಂಡಿನ ಮರಿಗಳು ಹೇಗಿರುತ್ತವೆ ಎಂದು ತಿಳಿಯಲು ಒಂದು ವರ್ಷವಾದರೂ ಬೇಕು. ಆದರೆ ಒಟ್ಟು ಮೊತ್ತವನ್ನು ಶಸ್ತ್ರಚಿಕಿತ್ಸೆಗೆ ಮೊದಲು ಹೇಳಲಿಲ್ಲ, ಕೇಳಿದಾಗ "ನೋಡೋಣ" ಎಂದಷ್ಟೇ ಹೊರಗಿನವರು ಹೇಳಿದರು. ಇದು ಒಳ್ಳೆಯ ಪದ್ಧತಿಯಲ್ಲ.

ಬೇರೆ ಕೊರತೆಗಳೂ ಇವೆ. ಕಾಯುವ ಕೋಣೆ ಒಂದೇ, ನಾಯಿಗಳೂ ಅಲ್ಲಿಯೇ ಕೂರುತ್ತವೆ. ನಾಯಿಯ ವಾಸನೆ ಮತ್ತು ಬೊಗಳುವಿಕೆಯ ನಡುವೆ ಗಾಯಗೊಂಡ ಮೊಲವನ್ನು ಕೂರಿಸಿಕೊಂಡಿರುವುದು ಅದರ ಕರುಳಿಗೂ ಎದೆಗೂ ಒಳ್ಳೆಯದಲ್ಲ. ಎಕ್ಸ್‌ರೇ ಇಲ್ಲ, ಕಾಲಿನ ಮೂಳೆಯನ್ನು ನೋಡಲು ಕರ್ವೆ ರಸ್ತೆಯ ಕಡೆಗೆ ಕಳಿಸಿದರು. ಸಿಬ್ಬಂದಿಯಲ್ಲಿ ಕೆಲವರಿಗೆ ತಳಿಗೆಂದು ಮೊಲ ಸಾಕುವವರ ಬಗ್ಗೆ ಅಷ್ಟೇನೂ ಒಲವಿಲ್ಲ, ಎರಡೂ ವೃಷಣಗಳನ್ನು ತೆಗೆಸಿಬಿಡಿ ಎಂದು ಕೇಳದೆಯೇ ಸಲಹೆ ಕೊಡುತ್ತಾರೆ. ವೈದ್ಯೆಯ ಎದುರು ಮಾತ್ರ ಆ ಮಾತು ಬರುವುದಿಲ್ಲ. ರಾತ್ರಿ ವೇಳೆ ಸೇವೆಯಿಲ್ಲ, ಕಾದಾಟಗಳು ನಡೆಯುವುದು ಮಾತ್ರ ರಾತ್ರಿಯಲ್ಲೇ.

ಬೇರೆ ದಾರಿಗಳನ್ನು ಯೋಚಿಸುವವರಿಗೆ, ಬೆಂಗಳೂರು ಹೆದ್ದಾರಿಯಲ್ಲಿ ಸಾತಾರಾ ಜಿಲ್ಲೆಯ ಶಿರವಳದಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯ ಮಹಾವಿದ್ಯಾಲಯವಿದೆ. ಮುಂಬೈಯಲ್ಲಿ ಇರುವವರಿಗೆ ಪರೇಲ್‌ನಲ್ಲಿ 1886ರಿಂದ ನಡೆದುಬಂದ ಬಾಂಬೆ ಪಶುವೈದ್ಯ ಕಾಲೇಜು ಮತ್ತು ಅದರ ಪಕ್ಕದ ಬಾಯಿ ಸಕರ್‌ಬಾಯಿ ಆಸ್ಪತ್ರೆ ಇವೆ. ಆದರೆ ಮಳೆಯಲ್ಲಿ, ಗಾಯಗೊಂಡ ಮೊಲದೊಂದಿಗೆ, ಅಷ್ಟು ದೂರದ ಪ್ರಯಾಣವೇ ಅದಕ್ಕೆ ಎರಡನೆಯ ಪೆಟ್ಟಾಗಬಹುದೆಂಬುದನ್ನೂ ತೂಗಿ ನೋಡಬೇಕು.

ಐದರಲ್ಲಿ ನಾನು ನಾಲ್ಕು ಕೊಡುತ್ತೇನೆ. ಕಡಿತ ಮಾಡಿದ ಒಂದು ಕಾಯುವ ಕೋಣೆಗೂ ಹೇಳದ ಬಿಲ್ಲಿಗೂ ಸೇರಿದ್ದು. ಹೋಗುವವರು ಬೆಳಗಿನ ಮೊದಲ ಸರದಿಯನ್ನು ಫೋನ್ ಮಾಡಿ ಕೇಳಿ ಪಡೆದರೆ ನಾಯಿಗಳ ಗಲಾಟೆ ತಪ್ಪುತ್ತದೆ. ಮೊಲವನ್ನು ಮುಚ್ಚಿದ ಬುಟ್ಟಿಯಲ್ಲಿ ಅದು ದಿನವೂ ತಿನ್ನುವ ಹುಲ್ಲಿನ ಸಮೇತ ಒಯ್ಯಬೇಕು, ಹಸಿದು ಬರಲಿ ಎಂದು ಯಾರಾದರೂ ಹೇಳಿದರೆ ಕೇಳಬಾರದು. ವಹಿ ಇದ್ದರೆ ಜೊತೆಯಲ್ಲಿರಲಿ. ಇಲ್ಲದಿದ್ದರೆ ಒಡಹುಟ್ಟುಗಳ ಮತ್ತು ಮರಿಗಳ ಹಲ್ಲು, ಪಾದಗಳ ಫೋಟೋಗಳನ್ನಾದರೂ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋದರೆ, ಅದನ್ನೇ ನೋಡಲು ಪಿರಂಗುಟ್‌ಗೆ ಮರಳಿ ಹೋಗಿ ಬರುವ ಒಂದು ಓಡಾಟ ಉಳಿಯುತ್ತದೆ.